ಪದ ಬದಲಾದರೆ ಪ್ರಬಂಧ ನಮ್ಮದಾದೀತೆ?

(ಶಾಲಾ ವಾರ್ಷಿಕೋತ್ಸವದ ಬಹುಮಾನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಬಹುಮಾನ ಪಡೆದವರನ್ನು ಅಭಿನಂದಿಸುವುದು ಇಂತಹ ಸಭೆಗಳ ವಾಡಿಕೆ. ನಾನಾದರೋ ಬಹುಮಾನ ಪಡೆಯದೆ ಹೋದ ಒಂದು ಪ್ರಬಂಧದ ವಿಚಾರವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ಬರೆದ ಬಾಲಕನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವನ ಹೆಸರನ್ನು ಮಾತ್ರ ಹೇಳೆನು.

ಕೆಲವು ವರ್ಷಗಳ ಹಿಂದೆ ಪ್ರಬಂಧ ಸ್ಪರ್ಧೆಯೊಂದಕ್ಕೆ ನಾನು ಪರೀಕ್ಷಕನಾಗಿದ್ದೆ. "ನಾನು ಮೆಚ್ಚಿದ ಕಲೆ" ಎಂಬುದು ವಿಷಯ. ಒಬ್ಬ ಬಾಲಕನು ಜಪಾನಿನ ಹಳೆಯ ಅನಿಮೇಷನ್ ಚಿತ್ರಗಳನ್ನು, ಎಂದರೆ ಕೈಯಿಂದ ಬರೆದ ರೂಪಗಳು ತೆರೆಯ ಮೇಲೆ ಜೀವ ಬಂದಂತೆ ಚಲಿಸುವ ಚಿತ್ರಗಳನ್ನು ಕುರಿತು ಬರೆದಿದ್ದನು. ಅಲ್ಲಿಯ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ 1958ರ ಬಿಳಿಹಾವಿನ ಕಥೆ. 1963ರ ಜನವರಿ 1ರಂದು ಟೆಲಿವಿಷನ್ನಿನಲ್ಲಿ ಆರಂಭವಾದ ತೆಜುಕಾ ಒಸಾಮು ಅವರ ಯಂತ್ರಬಾಲಕನ ಕಥಾಮಾಲೆ. 1988ರ ಏಪ್ರಿಲ್‌ನಲ್ಲಿ ಒಂದೇ ದಿನ ತೆರೆಕಂಡ ಮಿಯಾಜಾಕಿ ಮತ್ತು ತಕಾಹತಾ ಅವರ ಎರಡು ಚಿತ್ರಗಳು. ಇಸವಿಗಳಲ್ಲಿ ಒಂದೂ ತಪ್ಪಿರಲಿಲ್ಲ.

ಆದರೆ ಮುಂದೆ ಓದಿದಂತೆ ನಾನು ಬೆರಗಾದೆ. ಕಲಾವಿದರು "ಪಾರದರ್ಶಕ ಪರ್ಣ"ಗಳ ಮೇಲೆ ಬಣ್ಣ ಹಚ್ಚುತ್ತಿದ್ದರಂತೆ! ಮಿಯಾಜಾಕಿಯವರ ಚಿತ್ರದ ಹೆಸರು "ನನ್ನ ಪ್ರವಾಹದ ತೊತೊರೊ". ತಕಾಹತಾ ಅವರದು "ವಿದ್ಯುತ್‌ಕ್ರಿಮಿಗಳ ಸಮಾಧಿ"!

ಆಲೋಚಿಸಿದಾಗ ಗುಟ್ಟು ತಿಳಿಯಿತು. ಬಾಲಕನು ಯಾರದೋ ಲೇಖನವನ್ನು ಮುಂದಿರಿಸಿಕೊಂಡು, ನಿಘಂಟಿನ ಮತ್ತು ಗಣಕಯಂತ್ರದ ನೆರವಿನಿಂದ ಪ್ರತಿಯೊಂದು ಪದಕ್ಕೂ ಪರ್ಯಾಯಪದವನ್ನು ಹೂಡಿದ್ದನು. ಹಾಳೆಯು ಪತ್ರವಾಗಿ, ಪತ್ರವು ಪರ್ಣವಾಗಿತ್ತು. ನೆರೆಮನೆಯ ನೆರೆಯು ಮಳೆಗಾಲದ ನೆರೆಯಾಗಿ ಉಕ್ಕಿತ್ತು. ಮಿಂಚು ವಿದ್ಯುತ್ತಾಗಿ, ಹುಳು ಕ್ರಿಮಿಯಾಗಿ, ಬಡಪಾಯಿ ಮಿಂಚುಹುಳು ಹಾರಿಹೋಗಿತ್ತು.

ಪರ್ಯಾಯಪದಗಳನ್ನು ನಾನು ಹಳಿಯುತ್ತಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರ ಪೀಳಿಗೆಗೆ ನಾವು ಋಣಿಗಳು. ಆದರೆ ನೀರು, ಜಲ, ತೀರ್ಥ ಎಂಬ ಮೂರು ಪದಗಳು ಕೋಶದಲ್ಲಿ ನೆಂಟರಾದರೂ ಬಾಳಿನಲ್ಲಿ ಬೇರೆ ಬೇರೆ ಮನೆಗಳಲ್ಲಿ ವಾಸಿಸುತ್ತವೆ. ಬಿಸಿಲಿನಲ್ಲಿ ಬಂದ ಅತಿಥಿಯು ಬೇಡುವುದು ನೀರನ್ನು. ದೇವಸ್ಥಾನದಲ್ಲಿ ಅಂಗೈಗೆ ಬೀಳುವುದು ತೀರ್ಥ. ಯಾವುದು ಎಲ್ಲಿಗೆ ಸಲ್ಲುವುದೆಂಬುದನ್ನು ಕೋಶವು ಹೇಳದು. ಹೇಳಬೇಕಾದ ವಿಷಯವನ್ನು ಕಂಡವನ ಮನಸ್ಸೇ ಹೇಳಬೇಕು.

ಬಾಲಕನನ್ನು ಏಕಾಂತದಲ್ಲಿ ಕರೆದು, "ಈ ಚಿತ್ರಗಳನ್ನು ನೋಡಿದ್ದೀಯಾ?" ಎಂದು ಕೇಳಿದೆ.

"ಇಲ್ಲ ಮಾಷ್ಟ್ರೇ."

"ಮತ್ತೆ ಹೀಗೇಕೆ ಮಾಡಿದೆ?"

ಬಹಳ ಹೊತ್ತು ತಲೆ ತಗ್ಗಿಸಿ ನಿಂತು, "ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ನನ್ನ ಕನ್ನಡ ಬಹುಮಾನಕ್ಕೆ ಸಾಲದು ಅಂತ ತೋರಿತು" ಎಂದನು.

ಮಹನೀಯರೇ, ಆ ಉತ್ತರ ನನ್ನ ಎದೆಯನ್ನು ಚುಚ್ಚಿತು. 1956ರ ನವೆಂಬರ್ 1ರಿಂದ ಗಡಿಯ ಈಚೆ ಉಳಿದ ನಾವು ಕನ್ನಡ ಶಾಲೆಗಳನ್ನು ಉಳಿಸಲು ಶ್ರಮಿಸುತ್ತ ಬಂದಿದ್ದೇವೆ. ಆದರೆ ಮಕ್ಕಳ ಬಾಯಿಯ ಸರಳ ಕನ್ನಡವನ್ನು ಕಡೆಗಣಿಸಿ, ಭಾರವಾದ ಪದಗಳಿಗೆ ಅಂಕಗಳನ್ನು ಸುರಿದವರೂ ನಾವೇ ಅಲ್ಲವೆ? ಅವನ ಅಪರಾಧದಲ್ಲಿ ನನಗೂ ಪಾಲುಂಟು.

ಬಹುಮಾನ ಕೊಡಲಿಲ್ಲ. ಬದಲಾಗಿ ಮಿಂಚುಹುಳುಗಳ ಆ ಚಿತ್ರವನ್ನು ನನ್ನ ಮನೆಯಲ್ಲಿ ಅವನಿಗೆ ತೋರಿಸಿದೆ. ಯುದ್ಧದ ಕೊನೆಯ ತಿಂಗಳುಗಳಲ್ಲಿ, ಬಾಂಬುದಾಳಿಗೆ ಸಿಕ್ಕಿದ ಕೋಬೆ ನಗರದಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣತಂಗಿಯರ ಕಥೆ ಅದು. ನೋಡಿ ಮುಗಿಸಿ ಅವನು ಒಂದು ಪುಟ ಬರೆದನು: ತಂಗಿ ಮಿಠಾಯಿಯ ಡಬ್ಬ ಅಲ್ಲಾಡಿಸುತ್ತಾಳೆ. ಒಳಗೆ ಏನೂ ಇಲ್ಲ. ಅಣ್ಣ ಅದಕ್ಕೆ ನೀರು ತುಂಬಿ ಕುಡಿಸುತ್ತಾನೆ. ಅವಳು ಸತ್ತ ಮಿಂಚುಹುಳುಗಳಿಗೆ ಗುಂಡಿ ತೋಡುತ್ತಾಳೆ. ನನಗೂ ಒಬ್ಬಳು ತಂಗಿ ಇದ್ದಾಳೆ.

ನೀರು ಎಂದೇ ಬರೆದಿದ್ದನು. ಬೇರಾವ ಪದವೂ ಅಲ್ಲಿ ಸಲ್ಲುತ್ತಿರಲಿಲ್ಲ.

ಚಲಚ್ಚಿತ್ರದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಚಿತ್ರಕಾರನು ಪ್ರತಿಯೊಂದು ಚೌಕಟ್ಟಿಗೂ ಹೊಸ ಚಿತ್ರ ಬರೆಯಲೇಬೇಕೆಂದಿಲ್ಲ. ತೆಜುಕಾ ಅವರು ಟೆಲಿವಿಷನ್ನಿಗಾಗಿ ಬಹಳ ಕಡಿಮೆ ಚಿತ್ರಗಳಿಂದಲೇ ಕಥೆಯನ್ನು ನಡೆಸಿದರು. ಚಿತ್ರಗಳ ಸಂಖ್ಯೆ ಕಡಿಮೆಯಾದರೂ ಓಡುವ ಬಾಲಕನ ಓಟವನ್ನು ಮನದಲ್ಲಿ ಕಂಡಿರಬೇಕು. ಬರೆವಣಿಗೆಯೂ ಹಾಗೆಯೇ. ಪದಗಳು ಕೆಲವೇ ಇರಲಿ, ಕಂಡದ್ದಿರಬೇಕು.

ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು. ದೂರದ ದೇಶದ ಕಲೆಯನ್ನು ಕನ್ನಡದಲ್ಲಿ ಹೇಳುವುದು ಈ ನೆಲಕ್ಕೆ ಹೊಸತಲ್ಲ; ಅದನ್ನು ತನ್ನದಾಗಿಸಿಕೊಂಡು ಹೇಳಬೇಕು, ಅಷ್ಟೆ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹ: ಮಗುವಿನ ಸ್ವಂತದ ಹತ್ತು ವಾಕ್ಯಗಳನ್ನು, ಅವು ತೊದಲಿದರೂ, ಎರವಲಿನ ನೂರು ವಾಕ್ಯಗಳಿಗಿಂತ ಮೇಲೆ ಇರಿಸಿರಿ. ಮಕ್ಕಳೇ, ನಿಮ್ಮ ಕನ್ನಡ ಸಾಲದೆಂದು ಎಂದೂ ಅಂಜಬೇಡಿರಿ. ಈ ಗಡಿನಾಡಿನಲ್ಲಿ ಕನ್ನಡವು ಉಳಿಯುವುದಾದರೆ ಅಂತಹ ವಾಕ್ಯಗಳಿಂದಲೇ ಉಳಿದೀತು.