ಕಡಲಿಲ್ಲದ ಊರಿನಲ್ಲಿ ಕಡಲಕಾಳಗದ ಮಾತು

(ಹುಮನಾಬಾದಿನಲ್ಲಿ ಆಡಿದ ಮಾತುಗಳ ಬರಹರೂಪ)



ಬಸವಕಲ್ಯಾಣಕ್ಕಾಗಲಿ ಹುಮನಾಬಾದಿಗಾಗಲಿ ಕಡಲಿಲ್ಲ. ಆದರೂ ಇಂದು ಹಡಗುಗಳ ಕಾಳಗದ ಎರಡು ಚಿತ್ರಗಳ ಬಗ್ಗೆ ಮಾತನಾಡಲು ಬಂದಿದ್ದೇನೆ.

ಮೊದಲನೆಯದು ಕಾಗದದ ಮೇಲಿನದು. ಎಡ್ವರ್ಡ್ ಡಂಕನ್ ಎಂಬ ಇಂಗ್ಲಿಷ್ ಕಲಾವಿದನ ಈ ಅಚ್ಚುಚಿತ್ರ ಪ್ರಕಟವಾದದ್ದು 1843ರಲ್ಲಿ. ಅಫೀಮು ಯುದ್ಧದಲ್ಲಿ, 1841ರ ಜನವರಿ 7ರಂದು, ಈಸ್ಟ್ ಇಂಡಿಯಾ ಕಂಪನಿಯ 'ನೆಮೆಸಿಸ್' ಎಂಬ ಕಬ್ಬಿಣದ ಉಗಿಹಡಗು ಚೀನಾದ ಮರದ ನೌಕೆಗಳನ್ನು ನಾಶಮಾಡಿದ ದೃಶ್ಯ ಅದು. ಒಂದು ನೌಕೆ ಸಿಡಿದು ಬೆಂಕಿ ಮುಗಿಲಿಗೇರಿದೆ. ಪತ್ರಿಕೆಗಳಲ್ಲಿ ಇನ್ನೂ ಫೋಟೋ ಅಚ್ಚಾಗದ ಕಾಲ. ದೂರದ ಯುದ್ಧವನ್ನು ಜನ ಕಂಡದ್ದು ಇಂಥ ಚಿತ್ರಗಳಲ್ಲೇ. ಕೆಳಗಿನ ಬರಹದಲ್ಲಿ ಗೆದ್ದ ಹಡಗಿನ ಹೆಸರಿದೆ, ಅದರ ನಾಯಕ ಹಾಲ್‌ನ ಹೆಸರಿದೆ. ಸತ್ತವರ ಹೆಸರಿಲ್ಲ.

ಎರಡನೆಯದು ಕಲ್ಲಿನ ಮೇಲಿನದು. ಮುಂಬಯಿಯ ಬೋರಿವಲಿ ಬಳಿಯ ಏಕ್ಸರ್‌ನಲ್ಲಿ ಸಾಲಾಗಿ ವೀರಗಲ್ಲುಗಳಿವೆ. ಅವುಗಳಲ್ಲಿ ಒಂದರ ಕೆಳಪಟ್ಟಿಕೆಯಲ್ಲಿ ಹುಟ್ಟುಹಾಕುತ್ತ ಹಡಗುಗಳ ದಂಡು ಕಾಳಗಕ್ಕೆ ಹೊರಟಿದೆ. ಮೇಲಿನದರಲ್ಲಿ ಹಡಗುಗಳು ಎದುರಾಗಿ, ಗಾಯಗೊಂಡವರು ನೀರಿಗೆ ಬೀಳುತ್ತಿದ್ದಾರೆ. ಅದಕ್ಕೂ ಮೇಲೆ ಶಿವಪೂಜೆ, ಸ್ವರ್ಗ. ಸುಮಾರು 1265ರಲ್ಲಿ ದೇವಗಿರಿಯ ಯಾದವ ಮಹಾದೇವನಿಗೂ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದ ಕಡಲಕಾಳಗ ಇದೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಆ ಯುದ್ಧದಲ್ಲಿ ಸೋಮೇಶ್ವರ ಕಡಲಪಾಲಾದ.

ಇದರಲ್ಲಿ ನಮಗೇನು ಸಂಬಂಧ ಎನ್ನುವಿರಾ? ಶಿಲಾಹಾರರು ತಮ್ಮನ್ನು 'ತಗರಪುರವರಾಧೀಶ್ವರ'ರೆಂದು ಕರೆದುಕೊಂಡವರು. ತಗರವೆಂದರೆ ಧಾರಾಶಿವ ಜಿಲ್ಲೆಯ ಇಂದಿನ ತೇರ್. ಕಲ್ಯಾಣಕ್ಕೆ ದೂರದ ಊರೇನಲ್ಲ. ಕಡಲನ್ನಾಳಿದವರು ತಮ್ಮ ಮೂಲವೆಂದು ಹೆಮ್ಮೆಯಿಂದ ತೋರಿಸಿದ್ದು ಈ ಒಳನಾಡನ್ನೇ. ಕಲ್ಯಾಣದ ಚಾಲುಕ್ಯರ ಅಧೀನರಾಗಿದ್ದ ಗೋವೆಯ ಕದಂಬರಿಗೂ ನೌಕಾಪಡೆಯಿತ್ತು. ಅವರ ಎರಡನೆಯ ಜಯಕೇಶಿ ಮದುವೆಯಾದದ್ದು ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು. ಕಲ್ಯಾಣದ ಅರಮನೆಗೆ ಕಡಲು ಬೀಗರ ಮನೆಯಾಗಿತ್ತು.

ಈಗ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಾಗದದ ಚಿತ್ರ ಗೆದ್ದವನಿಗಾಗಿ. ಅಲ್ಲಿ ಮುಖ್ಯನಾದವನು ಬದುಕಿ ಮನೆಗೆ ಮರಳಿದ. ವೀರಗಲ್ಲು ಮರಳದವನಿಗಾಗಿ. ಗೆಲುವು ಯಾರದೆಂಬುದಕ್ಕಿಂತ ಮಡಿದವನು ಎಲ್ಲಿಗೆ ಹೋದ ಎಂಬುದೇ ಅದಕ್ಕೆ ದೊಡ್ಡದು. ಅದಕ್ಕಾಗಿಯೇ ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಲಂಡನ್ನಿನ ಅಚ್ಚುಚಿತ್ರಕ್ಕೆ ಗಾಜು, ಚೌಕಟ್ಟು, ಸಂಗ್ರಹಾಲಯವಿದೆ. ನಮ್ಮ ಹಳ್ಳಿಗಳ ವೀರಗಲ್ಲುಗಳ ಗತಿ? ಎಷ್ಟೋ ಕಲ್ಲುಗಳು ಮೆಟ್ಟಿಲಾಗಿವೆ, ಬಟ್ಟೆ ಒಗೆಯುವ ಬಂಡೆಯಾಗಿವೆ. ಊರಿಗೆ ಹೋದಾಗ ಅಂಥದೊಂದು ಕಂಡರೆ ಮಣ್ಣು ಸರಿಸಿ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಓದಿ. ಅವನನ್ನು ನೆನೆಯಲು ಬೇರೆ ಯಾವ ಗುರುತೂ ಉಳಿದಿಲ್ಲದಿರಬಹುದು.