ವೈ-ಫೈ ಪೆಟ್ಟಿಗೆ: ಹೆಸರೋ, ತಿರುಳೋ?



ಗದಗ-ಬೆಟಗೇರಿಯ ಜೋಡು ಪಟ್ಟಣದಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಈಗ ವಿದ್ಯುತ್ ತಂತಿಯ ಜೊತೆಗೆ ಇನ್ನೊಂದು ಸಣ್ಣ ತಂತಿ ಮನೆಯೊಳಕ್ಕೆ ಬರತೊಡಗಿದೆ. ಅದರ ಒಡಲಲ್ಲಿರುವುದು ಕೂದಲೆಳೆಯಷ್ಟು ನವುರಾದ ಗಾಜಿನ ಎಳೆ. ಅದರ ಮೂಲಕ ಬಂದ ಅಂತರಜಾಲವನ್ನು, ತಂತಿಯ ಹಂಗಿಲ್ಲದೆ, ಮನೆಯ ಕಂಪ್ಯೂಟರಿಗೂ ಮೊಬೈಲುಗಳಿಗೂ ಹಂಚಿಕೊಡುವ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಅಂಗಡಿಗೆ ಹೋದರೆ ಸಾವಿರ ರೂಪಾಯಿಯ ಆಸುಪಾಸಿನಿಂದ ಹತ್ತಾರು ಸಾವಿರದವರೆಗೂ ಅದರ ಬೆಲೆ ಏರುತ್ತದೆ. ನಿವೃತ್ತನಾದ ಮೇಲೆ ನನ್ನನ್ನು ಛಂದಸ್ಸಿನ ವಿಷಯ ಕೇಳುವವರು ಕಡಿಮೆಯಾಗಿದ್ದಾರೆ. “ಸರ್, ಯಾವ ಕಂಪನೀದು ಛಲೋ ಐತಿ ಹೇಳ್ರಿ” ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಕನ್ನಡ ಮೇಷ್ಟರಿಗೂ ಈ ಪೆಟ್ಟಿಗೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸಿತು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕ್ರಿ.ಶ. 941ರ ಸುಮಾರಿಗೆ ಪಂಪನು ತನ್ನ ಕಾವ್ಯವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ರಚಿಸಿದೆನೆಂದು ಹೇಳಿಕೊಂಡನು. ನಾಡಿನಲ್ಲಿ ಹತ್ತಾರು ಆಡುನುಡಿಗಳಿದ್ದರೂ ಕವಿಗೂ ಓದುಗನಿಗೂ ನಡುವೆ ಒಪ್ಪಿತವಾದ ಒಂದು ನುಡಿ ಬೇಕು ಎಂಬುದು ಇದರ ಇಂಗಿತ. ತಂತಿಯಿಲ್ಲದ ಜಾಲಕ್ಕೂ ಅಂಥದೊಂದು ತಿರುಳ್ನುಡಿ ಉಂಟು. ಅದನ್ನರಿತರೆ ಪೆಟ್ಟಿಗೆಯ ಮೇಲಿನ ಹೆಸರಿನ ಬೆಲೆ ಎಷ್ಟೆಂಬುದೂ ತಿಳಿಯುತ್ತದೆ.

ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ 1997ರಲ್ಲಿ 802.11 ಎಂಬ ಅಂಕಿಯ ನಿಯಮಾವಳಿಯನ್ನು ಪ್ರಕಟಿಸಿತು. ಒಂದು ಯಂತ್ರ ಇನ್ನೊಂದರೊಡನೆ ಗಾಳಿಯಲ್ಲಿ ಹೇಗೆ ಮಾತಾಡಬೇಕು, ಎರಡು ಒಟ್ಟಿಗೆ ಬಾಯಿ ತೆರೆದರೆ ಯಾವುದು ಸುಮ್ಮನಾಗಬೇಕು ಎಂಬುದೆಲ್ಲ ಅದರಲ್ಲಿದೆ. ಅದನ್ನು ಯಂತ್ರಗಳ ವ್ಯಾಕರಣ ಎನ್ನಬಹುದು. 1999ರಲ್ಲಿ ತಯಾರಕರು ಒಂದು ಒಕ್ಕೂಟ ಕಟ್ಟಿಕೊಂಡರು. ಇಂದು ಅದರ ಹೆಸರು ವೈ-ಫೈ ಅಲಯನ್ಸ್. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಮೊಬೈಲಿನೊಡನೆ ತಪ್ಪಿಲ್ಲದೆ ಮಾತಾಡುವುದೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ಅದರ ಕೆಲಸ. 2018ರಿಂದ ಅದು ಈ ವ್ಯಾಕರಣದ ಆವೃತ್ತಿಗಳಿಗೆ ವೈ-ಫೈ 4, 5, 6 ಎಂದು ಸರಳವಾದ ಅಂಕಿ ಕೊಟ್ಟಿದೆ. 2024ರಿಂದ 7 ಎಂಬುದೂ ಸೇರಿದೆ. ಅಂಗಡಿಯಲ್ಲಿ ಮೊದಲು ನೋಡಬೇಕಾದುದು ಈ ಅಂಕಿಯನ್ನು. ಮನೆಯ ಮೊಬೈಲುಗಳೆಲ್ಲ 5ರ ಕಾಲದವಾಗಿದ್ದರೆ 7ರ ಪೆಟ್ಟಿಗೆಗೆ ಸುರಿದ ಹಣ ಬಹುಪಾಲು ವ್ಯರ್ಥ. ಹಳಗನ್ನಡ ಬಲ್ಲ ಪಂಡಿತನಾದರೂ ಮಗುವಿನೊಡನೆ ಮಗುವಿನ ಮಾತನ್ನೇ ಆಡಬೇಕಷ್ಟೆ.

“ಈ ಕಂಪನಿಯದು ದೂರದವರೆಗೆ ಮುಟ್ಟುತ್ತದೆ” ಎಂಬುದು ಅಂಗಡಿಕಾರರ ಇನ್ನೊಂದು ಮಾತು. ನನ್ನ ಬಾಲ್ಯದಲ್ಲಿ ಮರ್ಫಿ ಮೇಲೋ, ಫಿಲಿಪ್ಸ್ ಮೇಲೋ, ಬುಷ್ ಮೇಲೋ ಎಂದು ಕಟ್ಟೆಯ ಮೇಲೆ ವಾದ ನಡೆಯುತ್ತಿತ್ತು. ಆಗ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ವೈ-ಫೈಗೆ ಆ ಕಾಟವಿಲ್ಲ. 2.4 ಗಿಗಾಹರ್ಟ್ಸ್‌ನ ಅಲೆಗಳನ್ನು ಭಾರತ ಸರ್ಕಾರ 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಿತು; 5 ಗಿಗಾಹರ್ಟ್ಸ್‌ನ ಅಲೆಗಳಿಗೆ 2018ರಲ್ಲಿ ಇನ್ನಷ್ಟು ವಿಶಾಲವಾದ ಅವಕಾಶ ಕೊಟ್ಟಿತು. ಆದರೆ ಬಿಡುಗಡೆಯೊಡನೆ ಒಂದು ಷರತ್ತನ್ನೂ ಹಾಕಿತು. ಗಾಳಿಗೆ ಬಿಡುವ ಶಕ್ತಿ ಗೊತ್ತುಪಡಿಸಿದ ಮಿತಿಯನ್ನು ದಾಟಕೂಡದು. ಆ ಮಿತಿ ಎಲ್ಲ ಕಂಪನಿಗಳಿಗೂ ಒಂದೇ. ಪೆಟ್ಟಿಗೆಗೆ ಆರು ಕೊಂಬುಗಳಿದ್ದ ಮಾತ್ರಕ್ಕೆ ಅದು ಕಾನೂನು ಮೀರಿ ಕೂಗಲಾರದು. ಅಲ್ಲದೆ ಇದು ಇಬ್ಬರ ಸಂವಾದ: ಪೆಟ್ಟಿಗೆಯ ಮಾತು ಮೊಬೈಲಿಗೆ ಕೇಳಿಸಿದರೆ ಸಾಲದು, ಮೊಬೈಲಿನ ಕ್ಷೀಣವಾದ ಮಾರುತ್ತರವೂ ಪೆಟ್ಟಿಗೆಗೆ ಕೇಳಿಸಬೇಕು.

ಈ ಸಂವಾದಕ್ಕೆ ನಮ್ಮ ಸೀಮೆಯಲ್ಲಿ ಅಡ್ಡ ಬರುವುದು ಗೋಡೆ. ಆಕಾಶವಾಣಿಯ ಮಧ್ಯಮ ತರಂಗಗಳು ನೂರಾರು ಮೀಟರು ಉದ್ದದವು. ಮಣ್ಣಿನ ಮಾಳಿಗೆಯನ್ನು ಅವು ಲೆಕ್ಕಕ್ಕೆ ಇಡುವುದಿಲ್ಲ. 2.4 ಗಿಗಾಹರ್ಟ್ಸ್‌ನ ಅಲೆ ಸುಮಾರು ಹನ್ನೆರಡು ಸೆಂಟಿಮೀಟರಿನದು. 5 ಗಿಗಾಹರ್ಟ್ಸ್‌ನದು ಅದರ ಅರ್ಧಕ್ಕೂ ಕಡಿಮೆ. ಮೊದಲನೆಯದು ಗೋಡೆಯನ್ನು ಸ್ವಲ್ಪ ಮಟ್ಟಿಗೆ ದಾಟುತ್ತದೆ, ಆದರೆ ನಿಧಾನ. ಎರಡನೆಯದು ವೇಗಶಾಲಿ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಎರಡೂ ಅಲೆಗಳನ್ನು ಬಳಸುವ ಪೆಟ್ಟಿಗೆಯನ್ನು ಡ್ಯುಯಲ್ ಬ್ಯಾಂಡ್ ಎನ್ನುತ್ತಾರೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು. ನಮ್ಮ ಹಳೆಯ ಮನೆಗಳ ಗೋಡೆಗಳೋ ಮೊಳದಗಲ ಕಲ್ಲುಮಣ್ಣಿನವು. ಹೊರಗೋಡೆಯ ಮಾಡದಲ್ಲಿ, ಕಬ್ಬಿಣದ ತಿಜೋರಿಯ ಮಗ್ಗುಲಲ್ಲಿ ಇಟ್ಟ ದುಬಾರಿ ಪೆಟ್ಟಿಗೆಗಿಂತ ನಡುಮನೆಯಲ್ಲಿ ಆಳೆತ್ತರಕ್ಕೆ ಇಟ್ಟ ಸಾಧಾರಣ ಪೆಟ್ಟಿಗೆ ಮೇಲು. ಉದ್ದನೆಯ ಮನೆಯಾದರೆ ದೊಡ್ಡ ಹೆಸರಿನ ಒಂದರ ಬದಲು ಸಣ್ಣ ಪೆಟ್ಟಿಗೆಗಳೆರಡನ್ನು ತಂತಿಯಿಂದ ಜೋಡಿಸುವುದು ಲೇಸು.

ಇನ್ನು ಹೆಸರುಗಳ ಕಥೆ. ಡಿ-ಲಿಂಕ್ 1986ರಲ್ಲಿ ತೈವಾನಿನಲ್ಲಿ, ಟಿಪಿ-ಲಿಂಕ್ 1996ರಲ್ಲಿ ಚೀನಾದ ಷೆನ್‌ಝೆನ್‌ನಲ್ಲಿ, ನೆಟ್‌ಗಿಯರ್ ಅದೇ ವರ್ಷ ಅಮೆರಿಕೆಯಲ್ಲಿ ಹುಟ್ಟಿದವು. ಡಿಜಿಸಾಲ್ ಎಂಬ ಹೆಸರಿನದು ನಮ್ಮ ನೆರೆಯ ಗೋವಾದ ಕಂಪನಿಯದು. ಲಿಂಕ್‌ಸಿಸ್ ಎಂಬುದು 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಗಿ 2003ರಲ್ಲಿ ಸಿಸ್ಕೊ ಕೈಗೆ, 2013ರಲ್ಲಿ ಬೆಲ್ಕಿನ್ ಕೈಗೆ, 2018ರಲ್ಲಿ ಫಾಕ್ಸ್‌ಕಾನ್ ಬಳಗಕ್ಕೆ ಹೋಯಿತು. ಹೆಸರು ಮಾತ್ರ ಅದೇ. ಒಳಗಿನ ಚಿಪ್ಪುಗಳೋ ಬಹುಮಟ್ಟಿಗೆ ಬ್ರಾಡ್‌ಕಾಮ್, ಕ್ವಾಲ್‌ಕಾಮ್, ಮೀಡಿಯಾಟೆಕ್ ಮೊದಲಾದ ಕೆಲವೇ ಕಾರ್ಖಾನೆದಾರರವು. ಬೆಟಗೇರಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಗಿರಣಿಯ ನೂಲು ಹಲವು ಮಗ್ಗಗಳಿಗೆ ಹೋಗುತ್ತದೆ. ಸೀರೆಗಳು ಹಲವು ಅಂಗಡಿಗಳ ಹೆಸರು ಹೊತ್ತು ಹೊರಬರುತ್ತವೆ.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಅದು ಮಾರಾಟದ ದಿನ ಕಾಣುವುದಿಲ್ಲ, ಆಮೇಲೆ ಕಾಣುತ್ತದೆ. ರೂಟರ್ ಎಂಬುದು ಸ್ವತಃ ಒಂದು ಪುಟ್ಟ ಕಂಪ್ಯೂಟರು. ಅದರೊಳಗಿನ ತಂತ್ರಾಂಶದಲ್ಲಿ ಕಾಲಕಾಲಕ್ಕೆ ಬಿರುಕುಗಳು ಪತ್ತೆಯಾಗುತ್ತವೆ. ತಯಾರಕನು ತೇಪೆ ಕಳಿಸಬೇಕಾಗುತ್ತದೆ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ ಐದು ಲಕ್ಷ ಯಂತ್ರಗಳನ್ನು ಹೊಕ್ಕಿದ್ದುದು ಬೆಳಕಿಗೆ ಬಂತು. ಅವುಗಳಲ್ಲಿ ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೂಟರುಗಳು. ಒಂದಲ್ಲ, ಹಲವು ಪ್ರಸಿದ್ಧ ಹೆಸರಿನವು. ಹೆಸರು ಕಾಯಲಿಲ್ಲವೆಂಬುದು ಇದರಿಂದ ಸ್ಪಷ್ಟ. ಕಾಯುವುದು ತೇಪೆ, ಅದರೊಡನೆ ಒಳ್ಳೆಯ ಗುಪ್ತಪದ. ಆದುದರಿಂದ ಅಂಗಡಿಯಲ್ಲಿ ಹೀಗೆ ಕೇಳಬೇಕು: ಈ ಮಾದರಿಗೆ ತಯಾರಕರು ಇನ್ನೂ ಹೊಸ ತಂತ್ರಾಂಶ ಕೊಡುತ್ತಿದ್ದಾರೆಯೆ? ಎಷ್ಟು ವರ್ಷ ಕೊಡುವರು? 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಬೀಗ ಇದರಲ್ಲಿದೆಯೆ? ಕೆಟ್ಟರೆ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಬದಲಿಸಿಕೊಡುವವರು ಯಾರು? ಈ ನಾಲ್ಕಕ್ಕೂ ನೇರ ಉತ್ತರ ಸಿಕ್ಕಿದ ಹೆಸರೇ ಒಳ್ಳೆಯ ಹೆಸರು. ಮನೆಗೆ ತಂದ ದಿನವೇ ಪೆಟ್ಟಿಗೆಯ ತಳದಲ್ಲಿ ಅಚ್ಚಾದ ಗುಪ್ತಪದವನ್ನೂ, ಅದರ ಒಳವ್ಯವಸ್ಥೆಗೆ ಹೋಗುವ ಗುಪ್ತಪದವನ್ನೂ ಬದಲಿಸಬೇಕು. ಪಿಂಚಣಿಯನ್ನು ಮೊಬೈಲಿನಲ್ಲೇ ನಿರ್ವಹಿಸುವ ನನ್ನ ವಯಸ್ಸಿನವರಿಗೆ ಇದು ಬಾಗಿಲಿಗೆ ಅಗುಳಿ ಹಾಕಿದಷ್ಟೇ ಅವಶ್ಯ.

ಕೊಳ್ಳುವ ಮೊದಲು ಇನ್ನೊಂದು ವಿಚಾರಣೆಯೂ ಆಗಬೇಕು. ಗಾಜಿನ ಎಳೆ ತಂದುಕೊಡುವ ಕಂಪನಿ ಸಾಮಾನ್ಯವಾಗಿ ಒಎನ್‌ಟಿ ಎಂಬ ಪೆಟ್ಟಿಗೆಯನ್ನು ತಾನೇ ಕೊಡುತ್ತದೆ. ಬಹಳಷ್ಟು ವೇಳೆ ಅದರೊಳಗೇ ವೈ-ಫೈ ಇರುತ್ತದೆ. ಅದು ಡ್ಯುಯಲ್ ಬ್ಯಾಂಡ್ ಆಗಿದ್ದು ಮನೆ ಚಿಕ್ಕದಾಗಿದ್ದರೆ ಬೇರೆ ರೂಟರ್ ಬೇಕಾಗಿಯೇ ಇಲ್ಲ. ಉಳಿದ ಹಣದಲ್ಲಿ ಕರೆಂಟು ಹೋದಾಗ ಪೆಟ್ಟಿಗೆಯನ್ನು ನಡೆಸುವ ಸಣ್ಣ ಬ್ಯಾಟರಿಯನ್ನು ಕೊಂಡರೆ ಹೆಚ್ಚು ಉಪಕಾರ.

ಕಡೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಈ ಪೆಟ್ಟಿಗೆ ಬಂದು ಕೂಡುವುದು ಸಾಮಾನ್ಯವಾಗಿ ಪಡಸಾಲೆಯಲ್ಲಿ, ಟಿವಿಯ ಪಕ್ಕದಲ್ಲಿ, ಗಂಡಸರು ಕುಳಿತು ಮಾತಾಡುವ ಕಡೆ. ಓದುವ ಮಗಳು ಕೂಡುವುದು ಹಿಂದಿನ ಕೋಣೆಯಲ್ಲಿ. ನಡುವೆ ಎರಡು ಗೋಡೆ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ, ಪಾಠ ಕಿವಿಗೆ ಬೀಳಲೆಂದು ಪುಸ್ತಕ ಹಿಡಿದು ಮಾಳಿಗೆ ಹತ್ತಿದ ಮಕ್ಕಳನ್ನು ನಾನು ಕಂಡಿದ್ದೇನೆ. ಮನೆಗೆ ಜಾಲ ಬಂದ ಮೇಲೂ ಅದು ಯಾರಿಗೆ ತಲುಪುತ್ತದೆಂಬುದನ್ನು ನಿರ್ಧರಿಸುವುದು ಕಂಪನಿಯಲ್ಲ. ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ಹೇಳುವ ಮನೆಯ ಹಿರಿಯರು. ಮೊದಲು ಮನೆಯಲ್ಲಿ ಓದುವವರು ಎಲ್ಲಿ ಕೂಡುತ್ತಾರೆಂದು ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಆಮೇಲೆ ಅಂಗಡಿಗೆ ಹೋಗಿ ಹೆಸರು ಕೇಳಿದರಾಯಿತು.