ಎರಡು ಅಕ್ಷರ, ಒಂದೇ ದನಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂತಹ ಸಭೆಗಳಲ್ಲಿ ಶಿಕ್ಷಣದ ಮಾತೆಂದರೆ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶ, ಸಿಇಟಿ, ವಿದ್ಯಾರ್ಥಿವೇತನ. ಅವೆಲ್ಲ ಬೇಕಾದುವೇ. ಆದರೆ ನಾನು ಇಂದು ನಿಮ್ಮನ್ನು ಎಂಟು ಹತ್ತು ವರ್ಷ ಹಿಂದಕ್ಕೆ, ಒಂದನೇ ಎರಡನೇ ತರಗತಿಯ ಕೋಣೆಗೆ ಕರೆದುಕೊಂಡು ಹೋಗುತ್ತೇನೆ. ಹತ್ತನೇ ತರಗತಿಯಲ್ಲಿ ಇಂಗ್ಲಿಷಿನಲ್ಲಿ ನಪಾಸಾಗುವ ಮಗು ಎಷ್ಟೋ ಸಲ ಅಲ್ಲಿಯೇ ಎಡವಿರುತ್ತದೆ.

ನಿಮ್ಮ ಮನೆಯ ಎರಡನೇ ತರಗತಿಯ ಮಗುವಿಗೆ 'ಶಿಪ್' ಸ್ಪೆಲಿಂಗ್ ಹೇಳು ಎನ್ನಿ. 'ಎಸ್ ಎಚ್ ಐ ಪಿ, ಶಿಪ್' ಎಂದು ರಾಗವಾಗಿ ಒಪ್ಪಿಸುತ್ತದೆ. ಈಗ ನಡುವಿನ ಐ ಒರೆಸಿ ಓ ಬರೆಯಿರಿ. ಅನೇಕ ಮಕ್ಕಳು ಅಲ್ಲಿಗೇ ನಿಂತುಬಿಡುತ್ತಾರೆ. ಪುಸ್ತಕದಲ್ಲಿ ಈ ಶಬ್ದ ಬಂದಿಲ್ಲ ಎನ್ನುತ್ತಾರೆ. ಅಂದರೆ ಆ ಮಗು ಓದುತ್ತಿರಲಿಲ್ಲ, ನೆನಪಿನಿಂದ ಹಾಡುತ್ತಿತ್ತು. ಎರಡನೇ ತರಗತಿಯಲ್ಲಿ ಐವತ್ತು ಶಬ್ದ ಬಾಯಿಪಾಠ ಮಾಡಬಹುದು. ಐದನೆಯದರಲ್ಲಿ ಸಾವಿರ ಶಬ್ದ ಬಂದಾಗ ನೆನಪಿನ ಚೀಲ ಹರಿಯುತ್ತದೆ. ಆಗ ನಾವು ಮಗುವಿಗೆ 'ದಡ್ಡ' ಎಂಬ ಹೆಸರಿಟ್ಟು ಟ್ಯೂಷನ್ನಿಗೆ ಕಳಿಸುತ್ತೇವೆ. ಅಲ್ಲಿಯೂ ಅದೇ ರಾಗ.

ತೊಡಕು ಎಲ್ಲಿದೆ ನೋಡಿ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ದನಿ. 'ಕ' ಎಂಬ ಅಕ್ಷರಕ್ಕೆ ಕ ಎಂದೇ ಹೆಸರು. ಇಂಗ್ಲಿಷಿನ ಎಚ್ ಎಂಬ ಹೆಸರನ್ನು ಎಷ್ಟು ಹಿಂಡಿದರೂ ಅದರಿಂದ 'ಹ' ಹೊರಡುವುದಿಲ್ಲ. ಮೇಲಾಗಿ ಆ ಭಾಷೆಯಲ್ಲಿ ಸುಮಾರು 44 ದನಿಗಳು, ಬರೆಯಲು 26 ಅಕ್ಷರಗಳು. ಉಳಿದ ದನಿಗಳಿಗೆ ಎರಡು ಅಕ್ಷರಗಳನ್ನು ಜೋಡಿಸುವುದೇ ಅವರು ಕಂಡುಕೊಂಡ ಒಂದು ಮುಖ್ಯ ದಾರಿ. ಹಳೆಯ ಇಂಗ್ಲಿಷಿನಲ್ಲಿ 'ಥ'ಕಾರದಂತಹ ದನಿಗೆ ಥಾರ್ನ್ ಎಂಬ ಬೇರೆ ಅಕ್ಷರವೇ ಇತ್ತು. ಕಾಲಕ್ರಮದಲ್ಲಿ ಅದು ಬಿದ್ದುಹೋಗಿ ಟಿ ಮತ್ತು ಎಚ್ ಜೋಡಿ ಆ ಜಾಗಕ್ಕೆ ಬಂತು. ಎಸ್ ಎಚ್ ಸೇರಿದರೆ ಶ್, ಸಿ ಎಚ್ ಸೇರಿದರೆ ಚ್.

ಇದು ನಮ್ಮ ಮಕ್ಕಳಿಗೆ ತೀರಾ ಹೊಸತೇ? ಉರ್ದು ಓದುವ ಮಗುವನ್ನು ಕೇಳಿ. 'ಭಾಯಿ' ಬರೆಯಲು ಅದು ಬೇ ಬರೆದು ಪಕ್ಕದಲ್ಲಿ ದೋ ಚಶ್ಮೀ ಹೇ ಬರೆಯುತ್ತದೆ. 'ಘರ್', 'ಫೂಲ್', 'ಖಾನಾ' ಎಲ್ಲ ಹೀಗೆಯೇ. ಎರಡು ಅಕ್ಷರ ಕೈ ಹಿಡಿದು ಒಂದು ದನಿ ಕೊಡುವುದನ್ನು ಆ ಮಗು ಆಗಲೇ ಕಂಡಿದೆ. ಕನ್ನಡದಲ್ಲಿ ಭ ಒಂದೇ ಅಕ್ಷರ. ಶ ಎಂಬುದು ಕನ್ನಡದಲ್ಲೂ ಉರ್ದುವಿನಲ್ಲೂ ಒಂದೇ ಅಕ್ಷರ, ಇಂಗ್ಲಿಷಿನಲ್ಲಿ ಮಾತ್ರ ಎರಡು. ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದರಸದಲ್ಲಿ ಅರಬಿ, ಹೀಗೆ ಮೂರು ಲಿಪಿಗಳ ನಡುವೆ ಓಡಾಡುವ ಮಗುವಿಗೆ ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೇ ನನ್ನ ದೂರು.

ಇನ್ನು ಕಲಿಸುವ ಬಗೆ. ಮೊದಲು ಕಿವಿ, ಆಮೇಲೆ ಕಣ್ಣು. ಅಡಿಗೆಮನೆಯಲ್ಲೇ ಶುರು ಮಾಡಬಹುದು. ಶಕ್ಕರ್, ಶಾಮ್, ಶೇರ್. ಚಾಂದ್, ಚಮ್ಚಾ, ಚಾವಲ್. ಯಾವುದು ಶ್, ಯಾವುದು ಚ್ ಎಂದು ಮಗು ವಿಂಗಡಿಸಲಿ. ಇಂಗ್ಲಿಷ್ ಬಾರದ ತಾಯಿಯೂ ಈ ಆಟ ಆಡಿಸಬಲ್ಲಳು. ಶಾಲೆಯನ್ನು 'ಸಾಲಿ' ಎನ್ನುವ ಊರುಗಳಲ್ಲಿ ಸ ಮತ್ತು ಶ ಬೇರೆ ಎಂಬುದನ್ನು ಕಿವಿಗೆ ಹಿಡಿಸಲು ಇನ್ನೂ ನಾಲ್ಕು ದಿನ ಹೆಚ್ಚು ಕೊಡಿ. ಇಲ್ಲದಿದ್ದರೆ 'ಶೆಲ್' ಮತ್ತು 'ಸೆಲ್' ಆ ಮಗುವಿಗೆ ಒಂದೇ.

ಆಮೇಲೆ ಒಂದು ರಟ್ಟಿನ ತುಂಡಿನ ಮೇಲೆ ಎಸ್ ಮತ್ತು ಎಚ್ ಎರಡನ್ನೂ ಒತ್ತಾಗಿ ಬರೆಯಿರಿ. ಬೇರೆ ಬೇರೆ ತುಂಡಿನಲ್ಲಿ ಬೇಡ. ಅದನ್ನು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು 'ಶ್' ಎನ್ನಿ. 'ಶ' ಎನ್ನಬಾರದು. ನಮ್ಮ ಮೇಷ್ಟರುಗಳಿಗೆ ಇದು ಕಷ್ಟ, ಏಕೆಂದರೆ ಕನ್ನಡದ ಅಭ್ಯಾಸದಿಂದ ಬಾಲಕ್ಕೆ ಒಂದು ಅಕಾರ ತಾನಾಗಿ ಅಂಟಿಕೊಳ್ಳುತ್ತದೆ. ಶ, ಇ, ಪ ಎಂದರೆ 'ಶಇಪ' ಆಗುತ್ತದೆಯೇ ಹೊರತು 'ಶಿಪ್' ಆಗುವುದಿಲ್ಲ. ಶ್, ಇ, ಪ್ ಎಂದು ಬೇಗ ಬೇಗ ಹೇಳಿದರೆ ಮಗುವೇ ನಗುತ್ತಾ 'ಶಿಪ್' ಎನ್ನುತ್ತದೆ. ಶಬ್ದ ಬರೆದಾಗ ಒಂಟಿ ಅಕ್ಷರದ ಕೆಳಗೆ ಚುಕ್ಕೆ, ಜೋಡಿಯ ಕೆಳಗೆ ಉದ್ದ ಗೆರೆ ಹಾಕಿಸಿ. ಶಿಪ್, ಶಾಪ್, ಶಟ್. ನಂತರ ಕೊನೆಯಲ್ಲಿ ಜೋಡಿ ಬರುವ ಫಿಶ್, ಡಿಶ್, ವಿಶ್. ಒಂದು ಜೋಡಿ ಗಟ್ಟಿಯಾಗುವವರೆಗೆ ಇನ್ನೊಂದನ್ನು ತರಬೇಡಿ.

ಎರಡು ವ್ಯಂಜನ ಅಕ್ಕಪಕ್ಕ ಕಂಡಲ್ಲೆಲ್ಲ ಮಗು ಅದನ್ನು ಜೋಡಿ ಎಂದೇ ತಿಳಿಯುವ ಅಪಾಯವಿದೆ. 'ಸ್ಟಾಪ್' ಶಬ್ದದ ಎಸ್ ಮತ್ತು ಟಿ ಜೋಡಿಯಲ್ಲ, ಎರಡೂ ತಮ್ಮ ತಮ್ಮ ದನಿ ಉಳಿಸಿಕೊಂಡಿವೆ. ಇದನ್ನು ಪರೀಕ್ಷಿಸಲು ಕನ್ನಡವೇ ಸಾಕು. ಕನ್ನಡದಲ್ಲಿ ಬರೆದು ನೋಡಿ: 'ಸ್ಟಾಪ್' ಬರೆದರೆ ಒತ್ತು ಬರುತ್ತದೆ, 'ಶಾಪ್' ಬರೆದರೆ ಬರುವುದಿಲ್ಲ. ಒತ್ತು ಬಂದರೆ ಎರಡು ದನಿ, ಬಾರದಿದ್ದರೆ ಒಂದೇ ದನಿ. ('ಬ್ಯಾಟ್', 'ಕ್ಯಾಟ್' ಶಬ್ದಗಳ ಯ ಒತ್ತು ಸ್ವರವನ್ನು ತೋರಿಸುವ ಉಪಾಯ ಮಾತ್ರ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.) ಕನ್ನಡ ಕಲಿತ ಮಗು ಇಂಗ್ಲಿಷಿನಲ್ಲಿ ಹಿಂದುಳಿಯುತ್ತದೆ ಎನ್ನುವ ಪೋಷಕರು ಇದನ್ನು ಒಮ್ಮೆ ಮನೆಯಲ್ಲಿ ಮಾಡಿ ನೋಡಬೇಕು.

ಸ್ವರದ ಜೋಡಿಗಳಲ್ಲೂ ಹಾಗೆಯೇ. ಹ್ರಸ್ವ ದೀರ್ಘ ಬಲ್ಲ ಮಗುವಿಗೆ 'ಶಿಪ್' ಮತ್ತು 'ಶೀಪ್' ವ್ಯತ್ಯಾಸ ಕ್ಷಣದಲ್ಲಿ ತಿಳಿಯುತ್ತದೆ. ಎರಡು ಇ ಸೇರಿದರೆ ದೀರ್ಘ 'ಈ' ಎಂದು ಹೇಳಿದರಾಯಿತು. ಎರಡು ಓ ಸೇರಿದಲ್ಲಿ ಮಾತ್ರ 'ಮೂನ್' ಎಂಬಲ್ಲಿ ದೀರ್ಘ, 'ಬುಕ್' ಎಂಬಲ್ಲಿ ಹ್ರಸ್ವ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಮಗುವಿಗೆ ಅತ್ಯಂತ ಪ್ರಿಯವಾದ ಶಬ್ದ ಅದರ ಹೆಸರು. ಹಾಜರಿ ಪುಸ್ತಕ ತೆರೆದರೆ ಶಬಾನ, ಬಷೀರ್, ನೂರ್ ಎಲ್ಲರಲ್ಲೂ ಜೋಡಿಗಳಿವೆ. ಬಷೀರನ ಹೆಸರನ್ನು ಎರಡು ಇ ಹಾಕಿ ಬರೆದರೆ ಅದರಲ್ಲಿ ಎರಡು ಜೋಡಿ! ಒಂದು ಎಚ್ಚರಿಕೆ ಮಾತ್ರ. ನಮ್ಮ ಕಡೆ ಫಾತಿಮಾ, ಲತಾ ಹೆಸರುಗಳಲ್ಲಿ ತಕಾರಕ್ಕೆ ಟಿ ಎಚ್ ಬರೆಯುವ ರೂಢಿಯಿದೆ. ಇಂಗ್ಲಿಷ್ ಶಬ್ದಗಳಲ್ಲಿ ಅದೇ ಜೋಡಿ 'ಥಿನ್' ಎಂಬಲ್ಲಿ ಒಂದು, 'ದಿಸ್' ಎಂಬಲ್ಲಿ ಇನ್ನೊಂದು ದನಿ ಕೊಡುತ್ತದೆ. ಗಂಟಲ ಮೇಲೆ ಕೈಯಿಟ್ಟರೆ ಎರಡನೆಯದರಲ್ಲಿ ನಡುಕ ತಿಳಿಯುತ್ತದೆ. ಲಂಡನ್ನಿನವರಂತೆ ನಾಲಿಗೆಯನ್ನು ಹಲ್ಲಿನ ನಡುವೆ ತರಿಸಲು ಹೋಗಿ ಪಾಠವನ್ನೇ ನಿಲ್ಲಿಸುವವರಿದ್ದಾರೆ. ಅದು ಅನಗತ್ಯ. ನಮ್ಮ ಥ, ದ ದನಿಗಳಿಂದ ಓದು ಮುಂದೆ ಸಾಗುತ್ತದೆ.

ಹೆಸರಿನ ನಂತರ ಬೀದಿ. ಕೋಳಿ ಅಂಗಡಿಯ ಬೋರ್ಡಿನ 'ಚಿಕನ್' ಶಬ್ದದಲ್ಲಿ ಸಿ ಎಚ್ ಇದೆ, ಸಿ ಕೆ ಕೂಡ ಇದೆ. ಮನೆಯ 'ಟೂತ್‌ಪೇಸ್ಟ್' ಡಬ್ಬದಲ್ಲಿ ಇನ್ನೆರಡು. 'ಸ್ಕೂಲ್' ಬೋರ್ಡಿನಲ್ಲಿ ಮಾತ್ರ ಸಿ ಎಚ್ ಸೇರಿ ಕಕಾರ ಕೊಡುತ್ತದೆ. ಪಾಪ, ಮಗು ದಿನವೂ ನೋಡುವ ಶಬ್ದವೇ ನಿಯಮ ಮುರಿದಿದೆ! ಕೇಳಿದರೆ, ಇದು ಬೇರೆ ಜಾತಿಯದು ಎಂದು ನಿಜವನ್ನೇ ಹೇಳಿ.

ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳಿಗೆ ಒಂದು ಓದಿನ ಪರೀಕ್ಷೆಯಿದೆ. 40 ಶಬ್ದಗಳಲ್ಲಿ 20 ಅರ್ಥವೇ ಇಲ್ಲದ ಕಟ್ಟಿದ ಶಬ್ದಗಳು. ಬಾಯಿಪಾಠ ಮಾಡಿದವರು ಅಲ್ಲಿ ಸಿಕ್ಕಿಬೀಳುತ್ತಾರೆ. ನೀವೂ 'ಚಿಮ್', 'ಶೆಪ್' ಎಂದು ಬರೆದು ಪರೀಕ್ಷಿಸಬಹುದು. ಆದರೆ ಒಂದು ಮಾತು. ಅಲ್ಲಿಯ ಹೆಚ್ಚಿನ ಮಕ್ಕಳಿಗೆ 'ಚಿನ್' ಎಂದರೆ ಗದ್ದ ಎಂದು ಮೊದಲೇ ಗೊತ್ತು. ನಮ್ಮ ಮಗುವಿಗೆ 'ಚಿನ್', 'ಚಿಮ್' ಎರಡೂ ಸಮಾನ ನಿರರ್ಥಕ. ಆದುದರಿಂದ ಇಲ್ಲಿ ದನಿ ಕಲಿಸಿ ಬಿಟ್ಟರೆ ಅರ್ಧ ಕೆಲಸವೂ ಆಗಲಿಲ್ಲ. ಶಬ್ದ ಓದಿದ ಕೂಡಲೇ ಗದ್ದ ಮುಟ್ಟಿಸಿ, ಮೀನು ತೋರಿಸಿ, ಮನೆಮಾತಿನಲ್ಲಿ ಅರ್ಥ ಹೇಳಿಸಿ. ಇದನ್ನು ಬಿಟ್ಟು ಬರೀ ದನಿಯ ಕಾರ್ಡುಗಳನ್ನು ಮಾರುವ ದುಬಾರಿ ತರಬೇತಿಗಳ ಬಗ್ಗೆ ನನಗೆ ಅಷ್ಟಾಗಿ ಗೌರವವಿಲ್ಲ.

ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಅರ್ಥವಾಗುವಂತೆ ಓದಬೇಕೆಂದು ಕೇಂದ್ರ ಸರಕಾರ 2021ರಲ್ಲಿ ನಿಪುಣ್ ಭಾರತ್ ಯೋಜನೆ ಆರಂಭಿಸಿತು. ಯೋಜನೆಗಳು ಇರಲಿ. ಒಬ್ಬ ಶಿಕ್ಷಕಿ ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುವ ಶಾಲೆಯಲ್ಲಿ ಪ್ರತಿ ಮಗುವಿನ 'ಶ್' ಕೇಳಲು ಆಕೆಗೆ ಸಮಯವೆಲ್ಲಿ?

ಅಲ್ಲಿ, ಕಾಲೇಜು ವಿದ್ಯಾರ್ಥಿಗಳೇ, ನಿಮ್ಮ ಕೆಲಸವಿದೆ. ನಿಮ್ಮ ತಮ್ಮ ತಂಗಿಯರು, ಓಣಿಯ ನಾಲ್ಕು ಮಕ್ಕಳು, ದಿನಕ್ಕೆ ಇಪ್ಪತ್ತು ನಿಮಿಷ. ಇಪ್ಪತ್ತೊಂದನೇ ನಿಮಿಷಕ್ಕೆ ಎದ್ದುಬಿಡಿ, ಮಕ್ಕಳು ನಾಳೆಯೂ ಬರುತ್ತಾರೆ. ಹೊಡೆಯುವುದು, ಗದರಿಸುವುದು ಬೇಡ. ತಪ್ಪು ಓದಿದರೆ ಆ ಜೋಡಿಯ ಕೆಳಗಿನ ಗೆರೆಯನ್ನು ಬೆರಳಿನಿಂದ ತೋರಿಸಿ ಸುಮ್ಮನೆ ಕಾಯಿರಿ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಕಾರ್ಡಿಗೆ ಬಹಳ ಚೆನ್ನಾಗಿರುತ್ತದೆ, ಗಟ್ಟಿಯೂ ಹೌದು. ಮೊದಲ ವಾರಕ್ಕೆ ಬೇಕಾದುದು ಏಳೇ ಕಾರ್ಡು: ಎಸ್ ಎಚ್ ಜೋಡಿಯದು ಒಂದು, ಐ, ಓ, ಯು, ಪಿ, ಟಿ, ಎಫ್ ಒಂದೊಂದು. ಅಷ್ಟರಲ್ಲಿ ಶಿಪ್, ಶಾಪ್, ಶಟ್, ಶಾಟ್, ಫಿಶ್, ಪುಶ್ ಆರೂ ಶಬ್ದಗಳು ಆಗುತ್ತವೆ. ಪುಶ್ ಕೊನೆಯಲ್ಲಿ ತನ್ನಿ, ಅದರ ಉಕಾರ ಬೇರೆ. ಬ್ಯಾಂಕಿನ ಬಾಗಿಲಿನ ಮೇಲೆ ಆ ಶಬ್ದ ಬರೆದಿರುತ್ತದೆ. ಅಪ್ಪನ ಜೊತೆ ಹೋದಾಗ ಮಗುವೇ ಓದಿ ಬಾಗಿಲು ತಳ್ಳಲಿ.